ಮಸಿ ಹಸಿ ಇದ್ದಾಗ

ವರದಾ ನದಿಯ ದಂಡೆಯಲ್ಲಿ ಹೇಮಕ್ಕನ ಅಚ್ಚುಮನೆ. ಮರದ ಹಲಗೆ ಕೆತ್ತುವುದು, ಮಸಿ ಹಚ್ಚುವುದು, ಕಾಗದದ ಮೇಲೆ ಚಿತ್ರ ಇಳಿಸುವುದು. ಅವಳಿಗೆ ಗೊತ್ತಿದ್ದ ತಪಸ್ಸು ಅದೊಂದೇ.

ಶಿಷ್ಯ ಫಕೀರೇಶನ ಕೈ ಬಲು ಚುರುಕು. ತಪ್ಪಾಯಿತು ಎನ್ನಲು ಮಾತ್ರ ಬಾಯಿ ಬಾರದು. ಕೆಟ್ಟ ಅಚ್ಚಿನ ಕಾಗದಗಳೆಲ್ಲ ಸದ್ದಿಲ್ಲದೆ ಕಟ್ಟಿಗೆ ರಾಶಿಯ ಹಿಂದೆ ಸೇರುತ್ತಿದ್ದವು.

ಪಕ್ಕದ ಮನೆಯ ನೀಲವ್ವ ತನ್ನ ಎಮ್ಮೆಯನ್ನು ಮಗಳ ಮನೆಗೆ ಕೊಡುವವಳಿದ್ದಳು. ಕಳಿಸುವ ಮುಂಚೆ ಅದರದೊಂದು ಚಿತ್ರ ಬೇಕೆಂದಳು.

"ನಾ ಮಾಡಿಕೊಡ್ತೀನಿ ಬಿಡ್ರಿ" ಎಂದ ಫಕೀರೇಶ. ಹತ್ತು ದಿನ ಯಾರಿಗೂ ತೋರಿಸದೆ ಎಮ್ಮೆಯ ಮೋರೆ ಕೆತ್ತಿದ.

ಎಮ್ಮೆ ಒಯ್ಯಲು ಟೆಂಪೋ ಬಂದ ಹೊತ್ತಿಗೆ ಕಾಗದಕ್ಕೆ ಅಚ್ಚು ತೆಗೆದ.

ನೀಲವ್ವನ ಎಮ್ಮೆಗೆ ಜೋತುಬಿದ್ದದ್ದು ಎಡದ ಕೋಡು. ಚಿತ್ರದಲ್ಲಿ ಜೋತುಬಿದ್ದದ್ದು ಬಲದ್ದು. ಹಲಗೆಯಲ್ಲಿ ಎಡಬಲ ತಿರುಗಿಸಿ ಕೆತ್ತಿದರೆ ತಾನೇ ಕಾಗದದಲ್ಲಿ ಸರಿ ಬರುವುದು! ಎಮ್ಮೆಯನ್ನು ನೋಡುತ್ತ ಕೂತವನು ಅದನ್ನೇ ಮರೆತಿದ್ದ.

ಕಾಲು ತಾನಾಗಿ ಕಟ್ಟಿಗೆ ರಾಶಿಯತ್ತ ಹೊರಟಿತು. ಆದರೆ ಹೊರಗೆ ನೀಲವ್ವ ಕಣ್ಣು ತುಂಬಿಕೊಂಡು ಎಮ್ಮೆಯ ಹಣೆ ತಿಕ್ಕುತ್ತಿದ್ದಳು. ಅವನು ತಿರುಗಿ, ಕಾಗದ ಹಿಡಿದು ಗುರುವಿನ ಮುಂದೆ ನಿಂತ.

"ಅಕ್ಕೋರ, ಕೆಟ್ಟೆ! ಕೋಡು ಅದಲು ಬದಲಾಗೈತ್ರಿ. ಹತ್ತು ದಿನದ ಕೆಲಸ ನೀರಾಗ ಹೋಮ."

ಹೇಮಕ್ಕ ಬೈಯಲಿಲ್ಲ. ಮಸಿಯನ್ನು ಬೆರಳಿನಿಂದ ಮುಟ್ಟಿ ನೋಡಿದಳು; ಇನ್ನೂ ಹಸಿಯಾಗಿ ಅಂಟಿತು. ನಕ್ಕಳು.

"ಹೊಸ ಕಾಗದ ತಾ. ಲಗೂ!"

ಅವನು ತಂದ ಹಸಿ ಚಿತ್ರದ ಮೇಲೆಯೇ ಬಿಳಿ ಕಾಗದ ಹಾಸಿ, ಎರಡನ್ನೂ ಅಚ್ಚೊತ್ತುವ ಯಂತ್ರಕ್ಕೆ ಕೊಟ್ಟು ಚಕ್ರ ತಿರುಗಿಸಿದಳು. ಮೇಲಿನ ಕಾಗದ ಎತ್ತಿದರೆ ಅದರಲ್ಲೂ ಎಮ್ಮೆ ಮೂಡಿತ್ತು. ಬಣ್ಣ ಕೊಂಚ ತೆಳು. ಆದರೆ ಎಡಬಲ ಮತ್ತೆ ತಿರುಗಿ ಕೋಡು ಸರಿಯಾಗಿತ್ತು.

"ಅಯ್ಯ ನಮ್ಮವ್ವ! ಇದ ನೋಡ್ರಿ ನನ್ನ ಹಟಮಾರಿ!" ಎಂದು ನೀಲವ್ವ ಚಿತ್ರಕ್ಕೇ ದೃಷ್ಟಿ ತೆಗೆದಳು.

ಫಕೀರೇಶನಿಗೆ ಕುಣಿಯುವಷ್ಟು ಖುಷಿ. ಓಡಿಹೋಗಿ ಕಟ್ಟಿಗೆ ರಾಶಿಯ ಹಿಂದಿನ ಕಾಗದಗಳನ್ನೆಲ್ಲ ಬಾಚಿ ತಂದ. ನಾಚಿಕೆಯಿಂದ ತಲೆ ಎತ್ತಲಾಗಲಿಲ್ಲ.

"ಅಕ್ಕೋರ, ಇವನ್ನೂ ಹಂಗ ಸರಿಮಾಡಿ ಕೊಡ್ರಿ."

ಹೇಮಕ್ಕ ಒಂದೊಂದನ್ನೇ ಮುಟ್ಟಿದಳು. ಬೆರಳಿಗೆ ಏನೂ ಅಂಟಲಿಲ್ಲ. ಅವಳಿಗೆ ಆಶ್ಚರ್ಯವೂ ಆದಂತಿರಲಿಲ್ಲ.

"ಇವು ಅಲ್ಲಿರೋದು ನಿಮಗ ಗೊತ್ತಿತ್ತೇನ್ರಿ?"

"ದಿನಾ ಒಲಿಗೆ ಕಟ್ಟಿಗಿ ತರಾಕಿ ಯಾರೋ ತಮ್ಮಾ?"

"ಮತ್ತ ಯಾಕ ಸುಮ್ಮನಿದ್ರಿ?"

"ನೀನ ಹೇಳ್ತಿ ಅಂತ ಕಾದೆ. ಅಷ್ಟರಾಗ ಇವು ಒಣಗಿದ್ವು," ಎಂದು ಹೇಮಕ್ಕ ಕಾಗದಗಳನ್ನು ಅವನ ಕೈಗೇ ಮರಳಿಸಿದಳು. "ಇನ್ನ ಮ್ಯಾಲೆ ಮಸಿ ಹಸಿ ಇದ್ದಾಗನ ಬಾ."