ಗಾಲಿಯನ್ನು ಮಾತಾಡಿಸಿದ ಬಡಗಿ

“ಸರ್, ಎಕ್ಸ್‌ರೇ ನೋಡಿದರೆ ಕಾಲು ಚೆನ್ನಾಗಿದೆ. ಕಾಲಿನವಳನ್ನು ಕೇಳಿದರೆ ಚೆನ್ನಾಗಿಲ್ಲ ಅನ್ನುತ್ತಾಳೆ. ಯಾವುದನ್ನು ನಂಬಬೇಕು?”

ಹೀಗೆ ಕೇಳಿದವನು ನಿರಂಜನ. ಅವನು ಕೀಲು ಬದಲಿಸುವ ಶಸ್ತ್ರಚಿಕಿತ್ಸೆಯನ್ನು ಕಲಿಯುತ್ತಿದ್ದ ಹೊಸ ವೈದ್ಯ. ಮೊಣಕಾಲಿನ ಕೀಲು ಸವೆದು ನಡೆಯಲಾರದವರಿಗೆ, ಸವೆದದ್ದನ್ನು ತೆಗೆದು ಲೋಹದ ಕೀಲನ್ನು ಕೂರಿಸುವ ಕೆಲಸ ಅದು. ಅವನು ಕೇಳಿದ್ದು ತನಗೆ ಆ ಕೆಲಸ ಕಲಿಸುತ್ತಿದ್ದ ಶಂಭುಲಿಂಗಯ್ಯನವರನ್ನು. ಅವರು ದೊಡ್ಡ ವೈದ್ಯರಾಗಿದ್ದರೂ ಅವರ ಬಳಿ ಕಲಿತವರೆಲ್ಲ ಅವರನ್ನು ಮೇಷ್ಟ್ರು ಎಂದೇ ಕರೆಯುತ್ತಿದ್ದರು.

ನಿರಂಜನನ ಸಂಕಟಕ್ಕೆ ಕಾರಣ ದ್ಯಾವಮ್ಮ ಎಂಬ ಹೆಂಗಸು. ಅವಳ ಬಲ ಮೊಣಕಾಲಿಗೆ ಹೊಸ ಕೀಲು ಕೂರಿಸಿ ವರ್ಷವಾಗಿತ್ತು. ಅವನೇ ಮೊದಲಿಂದ ಕೊನೆಯವರೆಗೆ ಮಾಡಿದ ಮೊದಲ ಶಸ್ತ್ರಚಿಕಿತ್ಸೆ ಅದು. ಈಗ ಎಡ ಮೊಣಕಾಲೂ ಸವೆದಿತ್ತು. ಮರುದಿನ ಬೆಳಿಗ್ಗೆ ಅದನ್ನೂ ಬದಲಿಸುವುದೆಂದು ನಿಗದಿಯಾಗಿತ್ತು. ಆದರೆ ದ್ಯಾವಮ್ಮ, “ಬ್ಯಾಡ, ನಾನು ಊರಿಗೆ ಹೋಗ್ತೀನಿ” ಎಂದು ಬಟ್ಟೆಯ ಗಂಟು ಕಟ್ಟಿಕೊಂಡು ಮಂಚದ ಮೇಲೆ ಕೂತಿದ್ದಳು.

ಆ ಆಸ್ಪತ್ರೆಯಲ್ಲಿ ಒಂದು ಪದ್ಧತಿ ಇತ್ತು. ಕೀಲು ಬದಲಿಸಿಕೊಂಡವರನ್ನು ಕೆಲವು ತಿಂಗಳ ನಂತರ ಕರೆದು, ನೋವು ಹೇಗಿದೆ, ನಿದ್ದೆ ಬರುತ್ತದೆಯೇ, ನಿಮ್ಮ ದಿನದ ಕೆಲಸ ಆಗುತ್ತದೆಯೇ ಎಂದು ಅವರ ಬಾಯಿಂದಲೇ ಕೇಳುವುದು. ನೋವಿಲ್ಲ, ನಿದ್ದೆ ಬರುತ್ತದೆ ಎಂದಿದ್ದ ದ್ಯಾವಮ್ಮ, ಕೆಲಸದ ಮಾತು ಬಂದಾಗ “ಆಗಾಕಿಲ್ಲ” ಎಂದಿದ್ದಳು. ನಿರಂಜನನಿಗೆ ಅದು ಚುಚ್ಚಿತು. ಅವನು ಅವಳ ಕಾಲನ್ನು ಮಡಿಸಿ ನೋಡಿದ, ಚಾಚಿ ನೋಡಿದ, ಮತ್ತೊಮ್ಮೆ ಎಕ್ಸ್‌ರೇ ತೆಗೆಸಿದ. ಎಲ್ಲವೂ ನೆಟ್ಟಗಿತ್ತು.

“ನಂಬುವುದು ಆಮೇಲೆ. ಮೊದಲು ಕೂತುಕೋ” ಎಂದರು ಮೇಷ್ಟ್ರು. ನಿರಂಜನ ಕೂತ. ಅವರು ಈ ಕತೆ ಹೇಳಿದರು.

ಒಬ್ಬ ಬಡಗಿ ಇದ್ದ. ಎತ್ತಿನ ಗಾಡಿಗೆ ಗಾಲಿ ಮಾಡುವುದರಲ್ಲಿ ಅವನ ಕೈ ಪಳಗಿತ್ತು. ಗಾಲಿ ಕೂರಿಸಿದ ಮೇಲೆ ಅದನ್ನು ಪರೀಕ್ಷಿಸುವ ರೀತಿಯೂ ಅವನದೇ. ಗಾಡಿಯ ಕೆಳಗೆ ಮರದ ತುಂಡು ಕೊಟ್ಟು ಗಾಲಿಯನ್ನು ನೆಲದಿಂದ ಎತ್ತುವನು. ಒಂದೇ ಬೆರಳಿನಿಂದ ಅದನ್ನು ತಿರುಗಿಸುವನು. ಗಾಲಿಯ ನಡುವಿಗೆ ಕಿವಿ ಹಚ್ಚಿ ಕಣ್ಣು ಮುಚ್ಚುವನು. ಗಾಲಿ ಓಲಾಡದೆ, ಸದ್ದು ಮಾಡದೆ, ಬಹಳ ಹೊತ್ತು ತಿರುಗಿದರೆ ಅವನ ಮುಖ ಅರಳುತ್ತಿತ್ತು. ಗಾಡಿಯಲ್ಲಿ ಆಗ ಹೊರೆ ಇರುತ್ತಿರಲಿಲ್ಲ, ಎತ್ತೂ ಇರುತ್ತಿರಲಿಲ್ಲ.

ಒಬ್ಬ ಕುಂಬಾರ ತನ್ನ ಹಳೆಯ ಗಾಡಿಯನ್ನು ಅವನ ಬಳಿಗೆ ತಂದ. ಗಾಲಿಗಳು ಸವೆದು ಹೋಗಿದ್ದವು. ಬಡಗಿ ಹಳೆಯದಕ್ಕಿಂತ ದೊಡ್ಡ ಗಾಲಿಗಳನ್ನು ಮಾಡಿದ. ಗಾಲಿ ದೊಡ್ಡದಾದಷ್ಟೂ ಹಳ್ಳ ದಿಣ್ಣೆಗಳನ್ನು ಸುಲಭವಾಗಿ ದಾಟುತ್ತದೆ, ಎತ್ತಿಗೆ ಭಾರ ಕಡಿಮೆ ಎನ್ನುವುದು ಅವನ ಲೆಕ್ಕ. ಆ ಲೆಕ್ಕ ತಪ್ಪಲ್ಲ. ಗಾಲಿಗಳು ಅವನ ಪರೀಕ್ಷೆಯಲ್ಲಿ ಗೆದ್ದವು. ತನ್ನ ಜೀವಮಾನದಲ್ಲೇ ಇಂಥ ಗಾಲಿ ಮಾಡಿರಲಿಲ್ಲ ಎಂದು ಅವನಿಗೆ ಅನ್ನಿಸಿತು.

ಕೆಲವು ಸಂತೆಗಳು ಕಳೆದ ಮೇಲೆ ಕುಂಬಾರ ಬಂದು, “ಯಾಕೋ ಗಾಡಿ ನಮಗೆ ಒಗ್ಗಲಿಲ್ಲ. ಮಡಕೆ ಒಡೆಯುತ್ತಿವೆ” ಎಂದ.

ಬಡಗಿ ಅವನ ಜೊತೆಗೇ ಹೊರಟು ಅವನ ಮನೆಗೆ ಹೋದ. ಅಂಗಳದಲ್ಲಿದ್ದ ಗಾಡಿಯ ಕೆಳಗೆ ಮರದ ತುಂಡು ಕೊಟ್ಟು ಗಾಲಿ ತಿರುಗಿಸಿದ. ಕಿವಿ ಹಚ್ಚಿದ. ಸದ್ದಿಲ್ಲ. “ನೋಡಪ್ಪ, ಹೂವಿನ ಹಾಗೆ ತಿರುಗುತ್ತಿದೆ. ನಿನ್ನ ಮಣ್ಣಿನಲ್ಲೇ ಏನೋ ಐಬಿರಬೇಕು” ಎಂದ. ತಿರುಗುವ ಗಾಲಿ ಕಣ್ಣೆದುರೇ ಇದ್ದುದರಿಂದ ಕುಂಬಾರ ತಲೆಯಾಡಿಸಿದ. ಬಡಗಿ ಇನ್ನೂ ಒಂದೆರಡು ಸಲ ಹೋಗಿ ಹೀಗೆಯೇ ಮಾಡಿದ. ಕೊನೆಗೆ ಕುಂಬಾರ ಬಂದು ಹೇಳುವುದನ್ನೇ ಬಿಟ್ಟ. ಅವನಿಗೆ ಈಗ ಸಮಾಧಾನವಾಗಿದೆ ಎಂದು ಬಡಗಿ ತಿಳಿದುಕೊಂಡ.

ಮುಂದೊಂದು ದಿನ ಬಡಗಿ ತನ್ನ ಮನೆಗೊಂದು ನೀರಿನ ಮಡಕೆ ಕೊಳ್ಳಲು ಸಂತೆಗೆ ಹೋದ. ಕುಂಬಾರ ಎತ್ತುಗಳನ್ನು ನೀರಿಗೆ ಹೊಡೆದುಕೊಂಡು ಹೋಗಿದ್ದ. ಅವನ ಹೆಂಡತಿ ಮಡಕೆಗಳನ್ನು ಇಳಿಸುತ್ತಿದ್ದಳು. ಪ್ರತಿ ಸಂತೆಯಲ್ಲೂ ಅವಳೇ ಇಳಿಸುವವಳು. ಗಿಡ್ಡ ಹೆಂಗಸು. ಗಾಲಿ ದೊಡ್ಡದಾದಾಗ ಗಾಡಿಯೂ ಎತ್ತರವಾಗಿತ್ತು. ಅವಳು ಒಂದು ಕಲ್ಲಿನ ಮೇಲೆ ತುದಿಗಾಲಲ್ಲಿ ನಿಂತು, ಕಾಣದ ಮಡಕೆಯನ್ನು ಬೆರಳ ತುದಿಯಿಂದ ತಡಕಿ ಎಳೆಯುತ್ತಿದ್ದಳು. ಬಡಗಿ ನೋಡುತ್ತಿದ್ದ ಹಾಗೆಯೇ ಒಂದು ಮಡಕೆ ಅವಳ ಹೆಗಲಿಗೆ ಬಡಿದು ಕೆಳಗೆ ಬಿತ್ತು.

“ಅಲ್ಲ ತಂಗಿ, ಇದನ್ನು ಇಷ್ಟು ದಿನ ಯಾಕೆ ಹೇಳಲಿಲ್ಲ?” ಎಂದ ಬಡಗಿ.

ಅವಳು ಚೂರುಗಳನ್ನು ಕಾಲಿನಿಂದ ಬದಿಗೆ ಸರಿಸುತ್ತ, “ನೀವು ಬಂದಾಗಲೆಲ್ಲ ಗಾಲಿಯನ್ನೇ ಮಾತಾಡಿಸಿ ಹೋದಿರಿ ಅಣ್ಣ. ನಾನು ಬಾಗಿಲಲ್ಲೇ ನಿಂತಿದ್ದೆ” ಎಂದಳು.

ಬಡಗಿ ಆ ಗಾಲಿಗಳನ್ನು ಬಿಚ್ಚಿ ಸಣ್ಣ ಗಾಲಿಗಳನ್ನು ಹಾಕಿದ. ಮರದ ತುಂಡಿನ ಮೇಲೆ ಎತ್ತಿ ತಿರುಗಿಸಿದರೆ ಅವು ದೊಡ್ಡ ಗಾಲಿಗಳಷ್ಟು ಹೊತ್ತು ತಿರುಗುತ್ತಿರಲಿಲ್ಲ. ಮಡಕೆಗಳು ಮಾತ್ರ ಇಡಿಯಾಗಿ ನೆಲಕ್ಕಿಳಿದವು. ಅಂದಿನಿಂದ ಅವನು ಯಾರ ಗಾಡಿ ಬಂದರೂ ಉಳಿ ಮುಟ್ಟುವ ಮೊದಲು ಕೇಳುತ್ತಿದ್ದ: ಏನು ಹೇರುತ್ತೀರಿ, ಯಾವ ದಾರಿಯಲ್ಲಿ ಹೋಗುತ್ತೀರಿ, ಯಾರು ಇಳಿಸುತ್ತಾರೆ? ಗಾಡಿ ಕೊಟ್ಟು ಕೆಲವು ಸಂತೆ ಕಳೆದ ಮೇಲೆ ಹೋಗಿ ಅದೇ ಪ್ರಶ್ನೆಗಳನ್ನು ಮತ್ತೆ ಕೇಳುತ್ತಿದ್ದ. ಮೊದಲು ಕೇಳಿರದಿದ್ದರೆ ಆಮೇಲೆ ಸಿಕ್ಕ ಉತ್ತರವನ್ನು ಯಾವುದಕ್ಕೆ ಹೋಲಿಸಿ ನೋಡುವುದು ಎಂಬುದು ಅವನಿಗೆ ಅರ್ಥವಾಗಿತ್ತು.

ಮೇಷ್ಟ್ರು ಕತೆ ನಿಲ್ಲಿಸಿದರು. ಈ ಕತೆಯಲ್ಲಿ ಗಾಲಿ ಎಂದರೆ ತಾನು ಕೂರಿಸಿದ ಕೀಲು ಎಂಬುದು ನಿರಂಜನನಿಗೆ ತಿಳಿಯಿತು. ತಿಳಿದರೂ ಅವನ ಮನಸ್ಸು ಒಪ್ಪಲಿಲ್ಲ.

“ಹಾಗಾದರೆ ಗಾಲಿಯನ್ನು ನೋಡಲೇಬಾರದೇ ಸರ್? ನಾನು ಅಳೆದದ್ದೆಲ್ಲ ಸುಳ್ಳೇ?”

“ಸುಳ್ಳು ಅಂತ ಯಾರು ಹೇಳಿದರು? ಗಾಲಿ ಸಡಿಲವಾಗಿದ್ದರೆ ಗಾಡಿ ದಾರಿಯಲ್ಲೇ ಮಗುಚುತ್ತಿತ್ತು. ಆಮೇಲೆ ಮಡಕೆಯೂ ಇಲ್ಲ, ಸಂತೆಯೂ ಇಲ್ಲ. ನೋಡಲೇಬೇಕು. ನೀನೂ ಚೆನ್ನಾಗಿಯೇ ನೋಡಿದ್ದೀಯ.”

ನಿರಂಜನನಿಗೆ ಸ್ವಲ್ಪ ಹಗುರಾಯಿತು. ಹೋಗಿ ಎಕ್ಸ್‌ರೇಯನ್ನು ಮತ್ತೊಮ್ಮೆ ದ್ಯಾವಮ್ಮನಿಗೆ ತೋರಿಸಿ, ಬಲಗಾಲು ಎಷ್ಟು ಚೆನ್ನಾಗಿದೆ ಎಂದು ತಿಳಿಸಿ ಹೇಳಿ, ಎಡಗಾಲಿಗೂ ಒಪ್ಪಿಸಿದರಾಯಿತು ಎಂದುಕೊಂಡ. ಅವನು ಏಳುವಷ್ಟರಲ್ಲಿ ಮೇಷ್ಟ್ರು ಕೇಳಿದರು:

“ಕೆಲಸ ಆಗುವುದಿಲ್ಲ ಅಂದಳಲ್ಲ ಆ ತಾಯಿ, ಯಾವ ಕೆಲಸವಂತೆ?”

ಅದನ್ನು ತಾನು ಕೇಳಿಯೇ ಇಲ್ಲ ಎಂಬುದು ನಿರಂಜನನಿಗೆ ಆಗ ಹೊಳೆಯಿತು. ಅವನು ಎಕ್ಸ್‌ರೇ ತೆಗೆದುಕೊಳ್ಳದೆ ದ್ಯಾವಮ್ಮನ ಮಂಚದ ಬಳಿಗೆ ಹೊರಟ.