ಏನೂ ಇಲ್ಲದ ನಕ್ಷತ್ರ

"ಸಿಸ್ಟರ್, ಐದು ವರ್ಷ ಹುಡುಕಿ ಏನೂ ಸಿಗದವಳು ಆ ಪ್ರಬಂಧವನ್ನು ಯಾವ ಮುಖ ಇಟ್ಟುಕೊಂಡು ಒಪ್ಪಿಸಬೇಕು?" ಎಂದು ಸುಮಿತ್ರಾ ಕೇಳಿದಳು.

ಸಿಸ್ಟರ್ ಬೆನಡಿಕ್ಟಾ ಮೂವತ್ತೊಂದು ವರ್ಷ ಕಾನ್ವೆಂಟ್ ಶಾಲೆಯಲ್ಲಿ ಭೌತಶಾಸ್ತ್ರ ಕಲಿಸಿದವರು. ಸುಮಿತ್ರಾ ಅವರ ಹಳೆಯ ವಿದ್ಯಾರ್ಥಿನಿ. ಈಗ ವಿಶ್ವವಿದ್ಯಾಲಯದಲ್ಲಿ ಸಂಶೋಧನೆ ಮಾಡುತ್ತಿದ್ದಳು. ಗ್ರಹಗಳು ಹುಟ್ಟಲು ಬೇಕಾದ ಧೂಳು ಯಾವ ನಕ್ಷತ್ರದ ಸುತ್ತ ಇದೆ ಎಂದು ಒಂದೊಂದನ್ನೇ ನೋಡುವುದು ಅವಳ ಕೆಲಸವಾಗಿತ್ತು. ನೋಡಿದ ಯಾವ ನಕ್ಷತ್ರದ ಸುತ್ತಲೂ ಧೂಳು ಕಾಣಲಿಲ್ಲ. ಪ್ರಬಂಧ ಒಪ್ಪಿಸಲು ಸೋಮವಾರ ಕಡೆಯ ದಿನ. ಒಪ್ಪಿಸುವುದಿಲ್ಲವೆಂದು ನಿರ್ಧರಿಸಿ, ಅದನ್ನು ತನ್ನ ಈ ಹಳೆಯ ಗುರುಗಳಿಗೆ ಹೇಳಿ ಹೋಗಲು ಬಂದಿದ್ದಳು.

"ಬೆನ್ನು ನೇರ ಮಾಡಿ ಕೂತುಕೋ," ಎಂದರು ಸಿಸ್ಟರ್. "ಅಳುವುದಿದ್ದರೆ ಮೊದಲು ಅತ್ತು ಮುಗಿಸು. ಮಾತು, ಅಳು ಎರಡೂ ಒಟ್ಟಿಗೆ ಬೇಡ."

"ಅಳುತ್ತಿಲ್ಲ, ಸಿಸ್ಟರ್."

"ಹಾಗಾದರೆ ಮೂಗು ಒರೆಸಿಕೊಂಡು ಕೇಳು."

ಸಿಸ್ಟರ್ ಈ ಕತೆ ಹೇಳಿದರು.

ಒಬ್ಬ ವೀಕ್ಷಕನಿದ್ದ. ಗ್ರಹಗಳು ಹೇಗೆ ಹುಟ್ಟುತ್ತವೆ ಎಂದು ತಿಳಿಯುವುದು ಅವನ ಕೆಲಸ. ನಕ್ಷತ್ರ ಎಳೆಯದಾಗಿರುವಾಗ ಅದರ ಸುತ್ತ ಧೂಳು ತಟ್ಟೆಯ ಆಕಾರದಲ್ಲಿ ತಿರುಗುತ್ತಿರುತ್ತದೆ. ಕಣಕ್ಕೆ ಕಣ ಅಂಟಿ, ಬಹಳ ಕಾಲದ ಮೇಲೆ, ಆ ಧೂಳೇ ಗ್ರಹವಾಗುತ್ತದೆ. ನಾವು ಕಾಲಿಟ್ಟು ನಿಂತಿರುವ ಭೂಮಿಯೂ ಹಾಗೆ ಆದದ್ದೇ. ಬೆಳೆಯುವ ಗ್ರಹ ತನ್ನ ದಾರಿಯ ಧೂಳನ್ನು ತಾನೇ ಬಾಚಿಕೊಳ್ಳುವುದರಿಂದ ತಟ್ಟೆಯಲ್ಲಿ ಒಂದು ಬರಿದಾದ ಸುತ್ತು ಉಳಿಯುತ್ತದೆ. ವೀಕ್ಷಕ ಆರಿಸಿಕೊಂಡಿದ್ದ ನಕ್ಷತ್ರದ ತಟ್ಟೆಯಲ್ಲಿ ಅಂಥ ಸುತ್ತು ಇತ್ತು. ಅದರೊಳಗಿನ ಗ್ರಹವನ್ನೇ ಕಾಣಬೇಕೆಂದು ಅವನ ಆಸೆ.

ದೊಡ್ಡ ದೂರದರ್ಶಕದಲ್ಲಿ ಮೂರು ರಾತ್ರಿಗಳ ಅವಕಾಶ ಸಿಗಲು ಅವನು ಎರಡು ವರ್ಷ ಕಾದ.

ಆ ದೂರದರ್ಶಕವನ್ನು ನಡೆಸುವವನು ಅನುಭವಸ್ಥ. ಮೊದಲ ದಿನವೇ ಅವನು ಕೈಬರಹದ ಒಂದು ಹಳೆಯ ಪಟ್ಟಿ ತಂದು ಅದರ ಒಂದು ಸಾಲಿನ ಮೇಲೆ ಬೆರಳಿಟ್ಟ.

"ಸಾರ್, ಅರ್ಧ ಹೊತ್ತು ನಿಮ್ಮ ನಕ್ಷತ್ರ ನೋಡೋಣ, ಅರ್ಧ ಹೊತ್ತು ಇದನ್ನು ನೋಡೋಣ. ಬಣ್ಣ, ಬೆಳಕು ಎಲ್ಲ ನಿಮ್ಮದರ ಹಾಗೇ ಇದೆ."

"ಇದರ ಸುತ್ತ ಏನಿದೆ?"

"ಏನೂ ಇಲ್ಲ ಸಾರ್. ಅದಕ್ಕೇ ಹೇಳಿದ್ದು."

"ಏನೂ ಇಲ್ಲದ್ದನ್ನು ನೋಡೋದಕ್ಕೆ ನಾನು ಎರಡು ವರ್ಷ ಕಾದೆನೇನಪ್ಪಾ?" ಎಂದ ವೀಕ್ಷಕ.

ನಡೆಸುವವನ ಮಾತು ಸರಿಯಾಗಿತ್ತು. ನಕ್ಷತ್ರದ ಬೆಳಕು ಪ್ರಖರವಾದದ್ದು. ಅದು ದೂರದರ್ಶಕದೊಳಗೆ ಚೆದರಿ ನಕ್ಷತ್ರದ ಸುತ್ತಲೂ ಹುಸಿ ಚುಕ್ಕೆಗಳನ್ನು ಮೂಡಿಸುತ್ತದೆ. ಅದೇ ರಾತ್ರಿ, ಅದೇ ದೂರದರ್ಶಕದಲ್ಲಿ, ಸುತ್ತ ಏನೂ ಇಲ್ಲದ ಅಂಥದೇ ಇನ್ನೊಂದು ನಕ್ಷತ್ರವನ್ನು ನೋಡಿದರೆ ಅಲ್ಲಿಯೂ ಅವೇ ಹುಸಿ ಚುಕ್ಕೆಗಳು ಮೂಡುತ್ತವೆ. ಮೊದಲ ಚಿತ್ರದಿಂದ ಎರಡನೆಯದನ್ನು ಕಳೆದರೆ ಹುಸಿ ಹೋಗಿ ನಿಜ ಉಳಿಯುತ್ತದೆ. ಇದು ವೀಕ್ಷಕನಿಗೆ ಗೊತ್ತಿಲ್ಲದ ವಿಷಯವಲ್ಲ. ಆದರೆ ಇದ್ದದ್ದು ಮೂರೇ ರಾತ್ರಿ. ಅದರಲ್ಲಿ ಅರ್ಧವನ್ನು ಬರಿಯ ನಕ್ಷತ್ರಕ್ಕೆ ಕೊಡಲು ಅವನಿಗೆ ಮನಸ್ಸು ಬರಲಿಲ್ಲ.

ಎರಡು ರಾತ್ರಿ ಪೂರ್ತಿ ತನ್ನ ನಕ್ಷತ್ರವನ್ನೇ ನೋಡಿದ. ಬರಿದಾದ ಸುತ್ತಿನೊಳಗೆ ಒಂದು ಚುಕ್ಕೆ ಹೊಳೆಯುತ್ತಿತ್ತು. ಎರಡನೆಯ ದಿನವೂ ಅದು ಅಲ್ಲೇ ಇತ್ತು. ಅವನು ಮನೆಗೆ ಫೋನ್ ಮಾಡಿ "ಗ್ರಹ ಸಿಕ್ಕಿತು" ಎಂದ. ಮನೆಯವರು ಬೀದಿಗೆಲ್ಲ ಪೇಡೆ ಹಂಚಿದರು.

ಮೂರನೆಯ ರಾತ್ರಿ ಅರ್ಧ ಕಳೆಯುವಷ್ಟರಲ್ಲಿ ಅವನ ನಕ್ಷತ್ರವಿದ್ದ ಭಾಗಕ್ಕೆ ಮೋಡ ಕವಿಯಿತು. ಬರಿಯ ನಕ್ಷತ್ರವಿದ್ದ ಭಾಗ ತಿಳಿಯಾಗಿತ್ತು. ನಡೆಸುವವನು ಯಾರನ್ನೂ ಕೇಳದೆ ದೂರದರ್ಶಕವನ್ನು ಅತ್ತ ತಿರುಗಿಸಿದ.

"ಏನಾದರೂ ಮಾಡಿಕೋ," ಎಂದ ವೀಕ್ಷಕ. ಅವನ ಗ್ರಹ ಆಗಲೇ ಸಿಕ್ಕಿತ್ತಲ್ಲ!

ಬೆಳಿಗ್ಗೆ ಒಂದು ಚಿತ್ರದಿಂದ ಇನ್ನೊಂದನ್ನು ಕಳೆದರು. ಹೊಳೆಯುತ್ತಿದ್ದ ಚುಕ್ಕೆ ಮಾಯವಾಯಿತು. ಬರಿಯ ನಕ್ಷತ್ರದ ಪಕ್ಕದಲ್ಲಿಯೂ ಅದೇ ಜಾಗದಲ್ಲಿ ಅಂಥದೇ ಚುಕ್ಕೆಯಿತ್ತು. ಎರಡು ರಾತ್ರಿ ಅವನು ಕಂಡದ್ದು ದೂರದರ್ಶಕದ ಕನ್ನಡಿಯಲ್ಲಿದ್ದ ಒಂದು ದೋಷವನ್ನು. ಅವನು ತಲೆಯ ಮೇಲೆ ಕೈ ಹೊತ್ತು ಕುಳಿತ.

"ತಲೆ ಎತ್ತಿ ಸಾರ್," ಎಂದ ನಡೆಸುವವನು. "ಪೇಡೆ ವಾಪಸ್ ಕೇಳೋಕೆ ಹೋಗಬೇಡಿ. ಇಲ್ಲಿ ನೋಡಿ."

ಸುತ್ತಿನ ಇನ್ನೊಂದು ಬದಿಯಲ್ಲಿ ಒಂದು ಮಸುಕಾದ ಚುಕ್ಕೆ ಉಳಿದಿತ್ತು. ಹುಸಿ ಚುಕ್ಕೆಗಳ ನಡುವೆ ಅದು ಅಲ್ಲಿಯ ತನಕ ಕಂಡಿರಲೇ ಇಲ್ಲ. ಮರುವರ್ಷ ನೋಡಿದರು, ಅದರ ಮರುವರ್ಷವೂ ನೋಡಿದರು. ಚುಕ್ಕೆ ತನ್ನ ದಾರಿಯಲ್ಲಿ ಸ್ವಲ್ಪ ಸ್ವಲ್ಪವೇ ಮುಂದೆ ಸರಿದಿತ್ತು. ಅದು ಇನ್ನೂ ಧೂಳು ಬಾಚಿಕೊಂಡು ಬೆಳೆಯುತ್ತಿದ್ದ ಗ್ರಹ.

ವೀಕ್ಷಕ ನಡೆಸುವವನ ಎರಡೂ ಕೈ ಹಿಡಿದುಕೊಂಡ.

"ನನ್ನದೇನಿದೆ ಸಾರ್?" ಎಂದ ಅವನು. "ನಾನು ಪಟ್ಟಿ ನೋಡಿ ತಿರುಗಿಸಿದೆ. ಆ ನಕ್ಷತ್ರದ ಸುತ್ತಲೂ ಧೂಳು ಇದ್ದಿದ್ದರೆ ನಮ್ಮ ಲೆಕ್ಕವೆಲ್ಲ ಕೆಡುತ್ತಿತ್ತು. ಇದ್ದ ಗ್ರಹ ಅಳಿಸಿಹೋಗುತ್ತಿತ್ತೋ ಏನೋ. ಅಲ್ಲಿ ಏನೂ ಇಲ್ಲ ಅಂತ ಯಾರೋ ನೋಡಿ ಬರೆದಿದ್ದಾರಲ್ಲ, ಅವರನ್ನು ಹುಡುಕಿ."

ಪಟ್ಟಿಯ ಕೊನೆಯಲ್ಲಿ ಒಬ್ಬ ಹೆಂಗಸಿನ ಸಹಿ ಇತ್ತು. ಅವಳು ಮೂವತ್ತು ವರ್ಷ ಹಿಂದೆ ಧೂಳನ್ನು ಹುಡುಕಿ ಹೊರಟವಳು. ನೂರಾರು ನಕ್ಷತ್ರ ನೋಡಿದಳು. ಒಂದರ ಸುತ್ತಲೂ ಧೂಳು ಸಿಗಲಿಲ್ಲ. "ಇಲ್ಲ, ಇಲ್ಲ ಎಂದು ಇಷ್ಟುದ್ದ ಬರೆದದ್ದನ್ನು ಯಾರು ಓದುತ್ತಾರಮ್ಮ?" ಎಂದು ಜೊತೆಯವರು ನಕ್ಕರು. ಅವಳು ಪಟ್ಟಿಯನ್ನು ಒಪ್ಪಿಸಿ, ಆ ಕೆಲಸವನ್ನೇ ಬಿಟ್ಟು ಹೋದಳು.

ವೀಕ್ಷಕ ವಿಚಾರಿಸುತ್ತ ಹೋದ. ಅವಳು ಒಂದು ಸಣ್ಣ ಊರಿನಲ್ಲಿ ಹೊಲಿಗೆ ತರಗತಿ ನಡೆಸುತ್ತಿದ್ದಳು. ಅವನು ಗ್ರಹದ ಚಿತ್ರವನ್ನು ಹೊಲಿಗೆ ಯಂತ್ರದ ಮೇಲಿಟ್ಟು, ಎಲ್ಲವನ್ನೂ ಹೇಳಿ, ಅವಳ ಕಾಲು ಮುಟ್ಟಿ ನಮಸ್ಕರಿಸಿದ.

ಅವಳು ಕನ್ನಡಕ ಹಾಕಿಕೊಂಡು ಚಿತ್ರವನ್ನು ಬಹಳ ಹೊತ್ತು ನೋಡಿದಳು. ಯಾವ ನಕ್ಷತ್ರದೊಂದಿಗೆ ಹೋಲಿಸಿದ್ದು ಎಂದು ಕೇಳಿದಳು. ಅವನು ಅದರ ಸಂಖ್ಯೆ ಹೇಳಿದ.

"ಅದೋ! ಅದನ್ನು ಏಳು ಸಲ ನೋಡಿದ್ದೆ," ಎಂದಳು.

"ಏಳು ಸಲ ಯಾಕಮ್ಮ? ಮೊದಲ ಸಲವೇ ಇಲ್ಲ ಎಂದು ಕಂಡಿರಬೇಕಲ್ಲ?"

"ಇದೆ ಅಂತ ತಪ್ಪು ಹೇಳಿದರೆ ಮತ್ತೊಬ್ಬರು ಬಂದು ನೋಡಿ ತಿದ್ದುತ್ತಾರೆ. ಇಲ್ಲ ಅಂದಮೇಲೆ ಅತ್ತ ಯಾರು ನೋಡುತ್ತಾರಪ್ಪ? ನನ್ನ ಮಾತೇ ಕೊನೆಯದಾಗುತ್ತದೆ."

"ಇದು ಒಂದು ದಿನ ಉಪಯೋಗಕ್ಕೆ ಬರುತ್ತದೆ ಎಂದು ನಿಮಗೆ ಅನ್ನಿಸಿತ್ತೇ?"

"ಅನ್ನಿಸಿದ್ದರೆ ಅಕ್ಷರ ಇನ್ನೂ ಸ್ವಲ್ಪ ದುಂಡಗೆ ಬರೆಯುತ್ತಿದ್ದೆ," ಎಂದು ಅವಳು ನಕ್ಕಳು. ಆಮೇಲೆ ಕನ್ನಡಕ ತೆಗೆದು ಸೆರಗಿನಿಂದ ಕಣ್ಣೊರೆಸಿಕೊಂಡಳು. ಚಿತ್ರವನ್ನು ತಾನೇ ಇಟ್ಟುಕೊಳ್ಳಬಹುದೇ ಎಂದು ಕೇಳಿದಳು.

ವೀಕ್ಷಕ ಊರಿಗೆ ಹಿಂತಿರುಗಿ ಆ ಗ್ರಹದ ಬಗ್ಗೆ ಬರೆದಿದ್ದ ತನ್ನ ಬರಹದ ಉಪಕಾರ ಸ್ಮರಣೆಯನ್ನು ಹೊಡೆದುಹಾಕಿ ಹೊಸದಾಗಿ ಬರೆದ. ಮೊದಲ ಹೆಸರು ಅವಳದು. ಅಂದಿನಿಂದ ಅವನು ಎಲ್ಲಿ ವೀಕ್ಷಣೆಗೆ ಹೋದರೂ ರಾತ್ರಿಯ ಮೊದಲ ಸರದಿಯನ್ನು ಏನೂ ಇಲ್ಲದ ನಕ್ಷತ್ರಕ್ಕೇ ಕೊಡುತ್ತಿದ್ದ.

ಸಿಸ್ಟರ್ ಕತೆ ನಿಲ್ಲಿಸಿದರು. ಸುಮಿತ್ರಾ ಮಡಿಲಲ್ಲಿದ್ದ ಚೀಲವನ್ನು ಎರಡೂ ಕೈಯಿಂದ ಹಿಡಿದುಕೊಂಡಿದ್ದಳು. ಪ್ರಬಂಧ ಅದರೊಳಗಿತ್ತು.

"ಆ ಹೆಂಗಸನ್ನು ಹುಡುಕಿಕೊಂಡು ಒಬ್ಬ ಬಂದ, ಸಿಸ್ಟರ್," ಎಂದಳು. "ನನ್ನ ಪಟ್ಟಿಗೆ ಯಾರು ಬರುತ್ತಾರೆ?"

"ಬರುವವನು ಇನ್ನೂ ಹುಟ್ಟಿರಲಿಕ್ಕಿಲ್ಲ. ಸೋಮವಾರ ಅವನಿಗೆ ಎಷ್ಟು ನಕ್ಷತ್ರ ಇಟ್ಟು ಬರುತ್ತೀಯ, ಅದನ್ನು ಹೇಳು."

ಸುಮಿತ್ರಾ ಚೀಲದಿಂದ ಪ್ರಬಂಧವನ್ನು ತೆಗೆದು, ಪಟ್ಟಿಯ ಪುಟ ತೆರೆದು ಎಣಿಸತೊಡಗಿದಳು.