ಏಡಿ ಬಿಲದಲ್ಲಿ ರಾಜಪಾದ

ಓಬಳ ಮೊದಲ ಸಲ ಊರು ಬಿಟ್ಟದ್ದು ಯುಗಾದಿಯ ಮಾರನೆಯ ದಿನ, ಮಂಗಳವಾರ. ಕೂಲಿಮಠದ ಅಯ್ಯ ಹದಿಮೂರರ ಮಗ್ಗಿ ಒಪ್ಪಿಸು ಅಂದ. "ನೀರು ಕುಡಿದು ಬರ್ತೀನಿ" ಅಂತ ಎದ್ದ ಹುಡುಗ ಮೂರು ಹೊಳೆಯ ನೀರು ಕುಡಿದರೂ ಮಠಕ್ಕೆ ವಾಪಸಾಗಲಿಲ್ಲ. ಇಪ್ಪತ್ತು ವರ್ಷ ಸುತ್ತಿ ಸುತ್ತಿ ಕೊನೆಗೆ ಕಡಲೆದುರ್ಗ ಸೇರಿದ. ಅಲ್ಲಿನ ದೊರೆ ಭುಜಬಲನಾಯಕರಿಗೆ ಊರೂರ ಸುದ್ದಿ ಕೇಳುವ ಚಪಲ. ಹಾಗಾಗಿ ಓಬಳನಿಗೆ ಆಸ್ಥಾನದಲ್ಲೊಂದು ಮಣೆ ಸಿಕ್ಕಿತು.

ದೊರೆ ಕೆಟ್ಟವರಲ್ಲ, ಆದರೆ ಯಾರನ್ನೂ ನಂಬುವವರಲ್ಲ. ನೂರಾ ಹತ್ತು ಹಳ್ಳಿಗಳಲ್ಲಿ ಯಾವ ಕೆರೆಯ ಏರಿಗೂ ಅರಮನೆಯ ಮುದ್ರೆಯೊತ್ತಿದ ಓಲೆ ಬರದೆ ಗುದ್ದಲಿ ಹಾಕುವಂತಿಲ್ಲ. ಹಾಕಿದವನು ಗಡೀಪಾರು.

"ನೋಡ್ರಯ್ಯಾ," ಅಂತ ಒಂದು ಬೆಳಗ್ಗೆ ದೊರೆ ಮೀಸೆ ತಿರುವಿದರು, "ನನ್ನ ಮುದ್ರೆ ಇಲ್ಲದೆ ಈ ಸೀಮೇಲಿ ಒಂದು ಹಿಡಿ ಮಣ್ಣೂ ಅಲುಗೋದಿಲ್ಲ!"

ಅದೇ ಹೊತ್ತಿಗೆ ಅರಮನೆಯ ಹಜಾರದಲ್ಲಿ ಬಾಗಿಲುಕೆರೆಯ ನೀರುಗಂಟಿ ದುಗ್ಗಪ್ಪ ನಿಂತಿದ್ದ. ಕೆರೆ ಕಾಯುವುದು, ಗದ್ದೆಗೆ ನೀರು ಬಿಡುವುದು ಅವನ ಕೆಲಸ. ಏರಿಯಲ್ಲಿ ಏಡಿ ತೋಡಿದ ಬಿಲದಿಂದ ನೀರು ಸೋರುತ್ತಿದೆ, ಮುಚ್ಚಲು ಅಪ್ಪಣೆ ಕೊಡಿ ಅಂತ ಅವನು ಅರ್ಜಿ ಕೊಟ್ಟು ಹದಿನೆಂಟು ದಿನವಾಗಿತ್ತು.

"ನಿನ್ನದು ಇನ್ನೂರ ಹನ್ನೆರಡನೇ ಅರ್ಜಿ," ಅಂದರು ಮುದ್ರೆ ಕಾಯುವ ಶೇಷಗಿರಯ್ಯ. "ಈಗ ನಡೀತಿರೋದು ನಲವತ್ತೊಂದು. ಸರದಿ ಬರಲಿ."

ದುಗ್ಗಪ್ಪ ಓಬಳನನ್ನು ಹಿಡಿದುಕೊಂಡ. "ಓಬಳಣ್ಣ, ಮೊದಲು ಆ ತೂತಿನೊಳಕ್ಕೆ ಹೆಬ್ಬೆರಳು ಹೋಗ್ತಿತ್ತು, ಈಗ ಮುಷ್ಟಿ ಹೋಗ್ತದೆ. ಏರಿ ಕೆಳಗೇ ನಮ್ಮೂರು. ಒಡೆದ್ರೆ ಒಂದು ಮನೆ ಉಳಿಯೋದಿಲ್ಲ."

"ನೀವೇ ಮುಚ್ಚಿಬಿಟ್ರೆ?"

"ಹೋದ ವರ್ಷ ಪಕ್ಕದೂರ ಗೌಡ ಹಂಗೇ ಮಾಡಿದ. ದೊರೆಗಳೇ ದಾರೀಲಿ ಸಿಕ್ಕಿ 'ಹೂಂ, ಮುಚ್ಚು' ಅಂದಿದ್ರು. ಆಮೇಲೆ ಅರಮನೆಯೋರು ಮುದ್ರೆ ಎಲ್ಲಿ ಅಂತ ಕೇಳಿ ಗಡಿ ದಾಟಿಸಿದ್ರು."

"ದೊರೆಗಳು ಬಿಡಿಸಲಿಲ್ವಾ?"

"ಬಾಯಿ ಮಾತು ಕಾನೂನಲ್ಲ ಅಂತ ಅವರೇ ಹೇಳಿದ್ರಣ್ಣ."

ಓಬಳನ ಮುಖ ಅರಳಿತು. ನೇರ ಒಳಗೆ ಹೋಗಿ ಕೈ ಮುಗಿದ.

"ಮಹಾಸ್ವಾಮಿ, ನಾನು ಕಾಣದ ಸೀಮೆಯಿಲ್ಲ. ಆದ್ರೆ ನಿಮ್ಮ ಬಾಗಿಲುಕೆರೆಯಂಥ ಊರು ಎಲ್ಲೂ ಕಾಣಲಿಲ್ಲ. ಏರಿ ತೂತಾಗಿ ನೀರು ಸುರೀತಿದ್ರೂ ಊರಿಗೂರೇ ಗುದ್ದಲಿ ಕೆಳಗಿಟ್ಟು ನಿಂತಿದೆ, ನಿಮ್ಮ ಮುದ್ರೆ ಬರಲಿ ಅಂತ! ಇಂಥ ವಿಧೇಯತೆ ಕಣ್ಣಾರೆ ನೋಡೋ ಭಾಗ್ಯ ಬೇರೆ ಯಾವ ದೊರೆಗಿದೆ?"

ದೊರೆ ಉಬ್ಬಿಹೋದರು. "ನಡಿ, ನೋಡೇಬಿಡೋಣ!"

ಕುದುರೆ ಹೊರಟಿತು, ಹಿಂದೆಯೇ ಓಬಳ, ದುಗ್ಗಪ್ಪ. ಮುದ್ರೆಯ ಪೆಟ್ಟಿಗೆ ಶೇಷಗಿರಯ್ಯನ ಬಳಿಯೇ ಉಳಿಯಿತು. ತಮಾಷೆ ನೋಡಲು ಹೋಗುವವರಿಗೆ ಮುದ್ರೆ ಯಾಕೆ?

ಬಾಗಿಲುಕೆರೆಯ ಏರಿಯ ಬುಡದಲ್ಲಿ ಜನ ಸಾಲಾಗಿ ಕೈ ಕಟ್ಟಿ ನಿಂತಿದ್ದರು. "ಭೇಷ್, ಭೇಷ್!" ಅಂತ ದೊರೆ ತಲೆದೂಗಿದರು. ಅಷ್ಟರಲ್ಲಿ ಬಿಲದ ಬಾಯಿಂದ ದೊಪ್ಪನೆ ಒಂದು ಹೆಂಟೆ ಕಳಚಿ, ನೀರು ತೊಡೆಗಾತ್ರ ನುಗ್ಗಿತು.

"ಅಯ್ಯೋ, ಮುಚ್ರೋ!"

ಯಾರೂ ಅಲುಗಲಿಲ್ಲ. ಎಲ್ಲರೂ ತಮ್ಮ ತಮ್ಮ ಕಾಲ್ಬೆರಳು ನೋಡಿಕೊಂಡರು.

"ಕಿವುಡರೇನ್ರೋ?"

"ಕೇಳಿಸ್ತು ಬುದ್ಧೀ," ಅಂದ ದುಗ್ಗಪ್ಪ. "ಮುದ್ರೆ?"

"ಸಾಕ್ಷಾತ್ ನಾನೇ ಇಲ್ಲಿದ್ದೀನಲ್ಲೋ!"

"ಹೋದ ವರ್ಷಾನೂ ಸಾಕ್ಷಾತ್ ನೀವೇ ಇದ್ರಿ ಬುದ್ಧೀ."

ದೊರೆ ಕೆಳಗಿನ ಮನೆಗಳತ್ತ ನೋಡಿದರು, ನೀರು ನೋಡಿದರು. ಕುದುರೆಯಿಂದ ಧುಮುಕಿ ಬಲಗಾಲನ್ನು ಮಂಡಿಯ ತನಕ ಬಿಲಕ್ಕೆ ತುರುಕಿಯೇಬಿಟ್ಟರು. ರಾಜಪಾದಕ್ಕೂ ಮುದ್ರೆ ಬೇಕು ಅಂತ ಕಾನೂನಿನಲ್ಲಿ ಬರೆದಿರಲಿಲ್ಲ. ನೀರಿನ ರಭಸ ತಗ್ಗಿತು.

"ಓಬಳಾ, ಓಡಿ ಹೋಗಿ ಮುದ್ರೆ ತಾರೋ!"

"ಹೊರಟೆ ಮಹಾಸ್ವಾಮಿ. ಆದ್ರೆ ಶೇಷಗಿರಯ್ಯನವರು ಸರದಿ ತಪ್ಪಿಸೋರಲ್ಲ. ಒಂದು ಎರಡು-ಮೂರು ತಿಂಗಳು ನೀವು ಹಿಂಗೇ ನಿಂತಿದ್ರೆ..."

"ಊಟ ಇಲ್ಲಿಗೇ ತಂದುಕೊಡ್ತೀವಿ ಬುದ್ಧೀ," ಅಂದಳು ದುಗ್ಗಪ್ಪನ ಹೆಂಡತಿ ಕೆಂಚಮ್ಮ. "ರಾಗಿಮುದ್ದೆ ಆಗ್ತದಲ್ಲ?"

ಆಗಲೇ ಬಿಲದೊಳಗಿನ ಏಡಿ ರಾಜಪಾದದ ಕಿರುಬೆರಳು ಕಚ್ಚಿ ಹಿಡಿಯಿತು.

"ಅಮ್ಮಾ! ಸಾಕ್ರೋ! ಕೆರೆ ನಿಮ್ಮದು, ಗುದ್ದಲಿ ನಿಮ್ಮದು, ಅಪ್ಪಣೇನೂ ನಿಮ್ಮದೇ!"

"ಬಾಯಿ ಮಾತು ಮಹಾಸ್ವಾಮಿ..." ಓಬಳ ಮೆಲ್ಲಗೆ ಕೆಮ್ಮಿದ.

ದೊರೆ ಕೆಸರಾದ ಅಂಗೈಯನ್ನು ದುಗ್ಗಪ್ಪನ ಹೆಗಲ ಮೇಲಿನ ಬಿಳೀ ವಲ್ಲಿಗೆ ಒತ್ತಿದರು. "ತಗೋ, ಮುದ್ರೆ! ಇನ್ನು ಮೇಲೆ ಯಾವ ಊರಿನ ಕೆರೆಗೆ ಆ ಊರಿನ ಕೈಯೇ ಮುದ್ರೆ!"

ಹುಡುಗರು ಹುರುಪಿನಿಂದ ನುಗ್ಗಿ ಒಣಮಣ್ಣು ಸುರಿದರು. ಅಷ್ಟೂ ಕೊಚ್ಚಿಹೋಯಿತು.

"ನೋಡಿದ್ಯಾ?" ದೊರೆ ಆ ನೋವಿನಲ್ಲೂ ಓಬಳನತ್ತ ಗೆದ್ದವರಂತೆ ನೋಡಿದರು. "ಇವರಿಗೆ ಬರೋದಿಲ್ಲ ಅಂತಲೇ ನಾನು ಬಿಟ್ಟಿರಲಿಲ್ಲ."

"ಹನ್ನೊಂದು ವರ್ಷ ಗುದ್ದಲಿ ಮುಟ್ಟಬೇಡಿ ಅಂದ್ರೆ ಎಲ್ಲಿಂದ ಬಂದೀತು ಮಹಾಸ್ವಾಮಿ? ನೀವೂ ಗದ್ದುಗೆ ಏರಿದ ಮೊದಲ ವರ್ಷ..."

"ಆ ಸುದ್ದಿ ಈಗ ಬೇಡ."

ದುಗ್ಗಪ್ಪ ಹುಡುಗರನ್ನು ಏರಿಯ ಆಚೆ, ಕೆರೆಯ ನೀರಿನ ಬದಿಗೆ ಇಳಿಸಿದ. ಹುಲ್ಲಿನ ಸಿಂಬೆ ಹೇಗೆ ತುರುಕಬೇಕು, ಅದರ ಮೇಲೆ ಜೇಡಿಮಣ್ಣು ಹೇಗೆ ತುಳಿಯಬೇಕು ಅಂತ ಒಬ್ಬೊಬ್ಬರ ಕೈ ಹಿಡಿದು ಮಾಡಿಸಿದ. ಎರಡನೇ ಸಲ ನೀರು ನಿಂತಿತು. ರಾಜಪಾದ ಹೊರಬಂತು, ಅದರ ಹಿಂದೆಯೇ ಏಡಿಯೂ.

ದೊರೆ ಏಡಿಯನ್ನು ನೋಡಿ, ತಮ್ಮ ಕಾಲನ್ನು ನೋಡಿ ನಕ್ಕೇಬಿಟ್ಟರು. ಒಂದೊಂದು ಊರಿಂದ ಇಬ್ಬಿಬ್ಬರು ದುಗ್ಗಪ್ಪನ ಹತ್ತಿರ ತಿಂಗಳು ನಿಂತು ಏರಿ ಕೆಲಸ ಕಲಿಯಲಿ, ಖರ್ಚು ಅರಮನೆಯದು ಅಂದರು. ಆಮೇಲೆ ಓಬಳನ ಬೆನ್ನು ತಟ್ಟಿದರು.

"ನಿನ್ನನ್ನ ನೂರಾ ಹತ್ತು ಕೆರೆಗೂ ಮೇಲಧಿಕಾರಿ ಮಾಡ್ತೀನಿ ಕಣೋ. ಎಲ್ಲರೂ ನಿನ್ನನ್ನ ಕೇಳಿಯೇ ಕೆಲಸ ಮಾಡಲಿ!"

"ಬೇಡಿ ಮಹಾಸ್ವಾಮಿ," ಅಂದ ಓಬಳ. "ಬಿಲದಿಂದ ಒಂದು ಕಾಲು ಈಗ ತಾನೇ ಹೊರಗೆ ಬಂದಿದೆ. ಅಲ್ಲಿಗೆ ಮತ್ತೆ ನನ್ನ ಕಾಲು ಯಾಕೆ ತುರುಕ್ತೀರಿ?"

ದೊರೆ ಏರಿಯ ಮೇಲೆ ಕುಸಿದು ಕೂತು ಹೊಟ್ಟೆ ಹಿಡಿದು ನಕ್ಕರು. ನಗು ನಿಲ್ಲುವಷ್ಟರಲ್ಲಿ ಓಬಳ ಕಂಬಳಿ ಹಾಸಿ, ಕೆಂಚಮ್ಮ ಕೊಟ್ಟ ಬುತ್ತಿಯನ್ನು ನಡುವೆ ಇಟ್ಟು, ಮೂಲೆ ಮೂಲೆ ಸೇರಿಸಿ ಮುಂದಿನ ಊರಿನ ದಾರಿಗೆ ಗಂಟು ಬಿಗಿಯುತ್ತಿದ್ದ.